ಎಡಹುರಿಯ ಪದಕ

ಸಿರಿವೊಳಲಿನ ಮೂಡಣ ಹೆಬ್ಬಾಗಿಲು ತೆರೆದು ಗಳಿಗೆಯೂ ಕಳೆದಿರಲಿಲ್ಲ. ಆಗಲೇ ರಾಜಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇವಂತಿಗೆಯ ಬುಟ್ಟಿ ಹೊತ್ತ ಹೂವಾಡಗಿತ್ತಿಯರು ಒಂದೆಡೆ, ಹೊಳೆಯಲ್ಲಿ ಮಿಂದು ಮರಳುತ್ತಿದ್ದ ಪಟ್ಟದಾನೆಗಳು ಇನ್ನೊಂದೆಡೆ, ನಡುವೆ ಹಿರಿಯಗಡದ ದೂತರ ಕುದುರೆಗಳನ್ನು ನೋಡಲು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಪುರಜನರು. ರಾಜಕುಮಾರಿ ಲಚ್ಚಲದೇವಿಗೂ ಹಿರಿಯಗಡದ ಯುವರಾಜನಿಗೂ ಅಂದು ತಾಂಬೂಲ. ಮೂರು ತಲೆಮಾರು ಕಾದಾಡಿದ ಎರಡು ರಾಜ್ಯಗಳು ಆ ತಾಂಬೂಲದೊಡನೆ ಕತ್ತಿಯನ್ನು ಒರೆಗೆ ಸೇರಿಸುವುದೆಂದು ನಿಶ್ಚಯವಾಗಿತ್ತು. ಅಷ್ಟು ಸಡಗರದ ನಡುವೆ ಅಂಜುತ್ತಿದ್ದವನು ಒಬ್ಬನೇ, ಅರಮನೆಯ ಹಿರಿಯ ಅಕ್ಕಸಾಲಿಗ ಸಿಂಗೋಜ.

ಅಳಿಯನಿಗೆ ಕೊಡುವ ಪದಕ ಅವನ ಮನೆಯಿಂದ ಹೋಗಿತ್ತು. ಅದರ ಬೆನ್ನಿನ ಮೇಲೆ ಅವನ ಮನೆತನದ ಹಂಸಮುದ್ರೆಯಿತ್ತು. ಹಂಸವಿದ್ದರೆ ಸಾಕು, ಒರೆಗಲ್ಲು ಬೇಡ ಎಂದು ಏಳು ರಾಜ್ಯಗಳ ವರ್ತಕರು ಕಣ್ಣಿಗೊತ್ತಿಕೊಳ್ಳುತ್ತಿದ್ದ ಮುದ್ರೆ ಅದು. ಆದರೆ ಪದಕವನ್ನು ಮಾಡಿದ್ದು ಸಿಂಗೋಜನಲ್ಲ. ಹನ್ನೆರಡು ವರ್ಷದ ಹಿಂದೆ ವಿಷಮಜ್ವರವೊಂದು ಅವನ ಬಲಗೈಯಲ್ಲಿ ನಡುಕ ಉಳಿಸಿ ಹೋಗಿತ್ತು. ಮುದ್ರೆಯ ಮೇಲೆ ಸುತ್ತಿಗೆ ಹಾಕುವಷ್ಟು ಕಸುವು ಉಳಿಯಿತೇ ಹೊರತು ಎಳೆ ಹಿಡಿಯುವ ನಯ ಉಳಿಯಲಿಲ್ಲ. ಅಂದಿನಿಂದ ಹೊಳೆಯಾಚೆಯ ಮಾದೂರಿನ ವಿಧವೆ ದೇಕಬ್ಬೆ ಗುಟ್ಟಾಗಿ ಒಡವೆ ಮಾಡುತ್ತಿದ್ದಳು. ಚಿನ್ನ ಅವನದು, ಚಿತ್ತಾರ ಅವನದು, ಪರೀಕ್ಷೆ ಅವನದು; ಕೈ ಅವಳದು. ಪರರ ಕೆಲಸಕ್ಕೆ ತನ್ನ ಮುದ್ರೆಯೊತ್ತಿದ ಅಕ್ಕಸಾಲಿ ಓಜನ ಬಲಗೈ ಹೆಬ್ಬೆರಳನ್ನು ತೆಗೆಯತಕ್ಕದ್ದೆಂಬ ಶಾಸನ ಆಸ್ಥಾನದ ಬಾಗಿಲಲ್ಲೇ ಇತ್ತು. ಪ್ರತಿ ಸಲ ಅದನ್ನು ದಾಟುವಾಗ ಸಿಂಗೋಜ ಕೈಯನ್ನು ಶಾಲಿನೊಳಗೆ ಎಳೆದುಕೊಳ್ಳುತ್ತಿದ್ದ.

ಸಭೆ ನೆರೆಯಿತು. ಮಹಾರಾಜ ಕೀರ್ತಿದೇವ ಸನ್ನೆ ಮಾಡಲು ಭಂಡಾರಿ ಬಾಚಯ್ಯ ಎರಡು ದಿನದಿಂದ ತನ್ನ ಬೀಗದಲ್ಲಿದ್ದ ಪದಕವನ್ನು ಹರಿವಾಣದಲ್ಲಿಟ್ಟು ತಂದ. ವರನ ಕಡೆಯವರು ಉಡುಗೊರೆಯನ್ನು ಒರೆಗೆ ಹಚ್ಚಿಯೇ ತಾಂಬೂಲ ಮುಟ್ಟುವುದು ಹಿರಿಯಗಡದ ಪದ್ಧತಿ. ದೂತ ಗೋವಿಂದರಸನ ಪರೀಕ್ಷಕನು ಕಲ್ಲಿನ ಮೇಲೆ ಪದಕವನ್ನು ಎಳೆದ, ಗೆರೆ ನೋಡಿದ, ಮತ್ತೊಮ್ಮೆ ಎಳೆದ. ಆಮೇಲೆ ತಲೆ ಅಲ್ಲಾಡಿಸಿದ.

“ಅರೆಪಾಲು ತಾಮ್ರ, ಸ್ವಾಮಿ.”

ಗೋವಿಂದರಸ ಎದ್ದು ನಿಂತ. “ಮಹಾರಾಜರು ಬಾಂಧವ್ಯವನ್ನು ಅರಸಿ ನಮ್ಮನ್ನು ಕರೆಸಿದರೋ, ಅವಮಾನಿಸಲೆಂದೋ?” ಅವನ ಹಿಂದಿದ್ದ ಯೋಧರ ಕೈಗಳು ಕತ್ತಿಯ ಹಿಡಿಕೆಗಳ ಮೇಲೆ ಕೂತವು.

ಬಾಚಯ್ಯ ಸಿಂಗೋಜನ ಬಳಿ ಸರಿದು ಕಿವಿಯಲ್ಲಿ ಉಸುರಿದ: “ಮೂಸೆಯಲ್ಲಿ ತಪ್ಪಾಯಿತೆಂದು ಕಾಲಿಗೆ ಬೀಳಿ, ಓಜರೇ. ಕರಗಿಸುವಾಗ ಆದ ತಪ್ಪಿಗೆ ಕ್ಷಮೆಯುಂಟು. ನಾನೇ ನಿಂತು ಬಿಡಿಸುತ್ತೇನೆ.”

ಕಾಲಿಗೆ ಬಿದ್ದರೆ ತಾನು ಉಳಿಯಬಹುದು. ಆದರೆ ಮದುವೆ ಮುರಿಯುತ್ತದೆ, ಯುದ್ಧ ಬರುತ್ತದೆ. ಸಿಂಗೋಜ ಪದಕವನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅದೇ ಹೂವು, ಅದೇ ಹರಳು, ಅದೇ ಹಂಸ. ಅಂಚಿನ ಹುರಿಯ ಮೇಲೆ ಕಣ್ಣು ಬಿದ್ದಾಗ ಪದಕವನ್ನು ಇನ್ನಷ್ಟು ಹತ್ತಿರಕ್ಕೆ ತಂದುಕೊಂಡ. ಚಿನ್ನದ ಎರಡು ಎಳೆಗಳನ್ನು ಹೊಸೆದು ಮಾಡಿದ ಆ ಹುರಿ ಬಲಕ್ಕೆ ತಿರುಗಿತ್ತು.

“ಮಹಾಪ್ರಭು, ಇದು ನಮ್ಮ ಪದಕವಲ್ಲ. ಯಾರೋ ಬದಲಿಸಿದ್ದಾರೆ. ನಮ್ಮಲ್ಲಿ ಹುರಿ ಎಡಕ್ಕೆ ತಿರುಗುತ್ತದೆ. ಮಹಾರಾಣಿಯವರ ಕೊರಳಲ್ಲಿರುವ ಹಾರವನ್ನೇ ನೋಡಬೇಕು.”

ರಾಣಿ ಪದುಮಲದೇವಿ ಹಾರ ತೆಗೆದುಕೊಟ್ಟಳು. ಹುರಿ ಎಡಕ್ಕೇ ಇತ್ತು. ಸಭೆ ಗುಜುಗುಜು ಎಂದಿತು. ಬಾಚಯ್ಯನ ಮುಖ ಒಂದು ಕ್ಷಣ ಕಪ್ಪಿಟ್ಟರೂ ನಾಲಗೆ ತಡವರಿಸಲಿಲ್ಲ.

“ಹಾರ ಎಡ, ಪದಕ ಬಲ, ಇವರ ಕೈಗೆ ಎರಡೂ ಬಂದಾವು, ಪ್ರಭು. ಎಡಹುರಿಯೇ ಇವರ ರೂಢಿ ಎನ್ನುವುದಾದರೆ ದೂತರ ಕಣ್ಣೆದುರು ಒಂದು ಗೇಣು ಹೊಸೆದು ತೋರಿಸಲಿ. ಆಗ ನಾನೂ ನಂಬುತ್ತೇನೆ.”

“ನ್ಯಾಯವಾದ ಮಾತು,” ಎಂದ ಗೋವಿಂದರಸ.

ಹಲಗೆ ಬಂತು, ಎಳೆಗಳು ಬಂದವು. ಸಿಂಗೋಜ ಶಾಲಿನಿಂದ ಕೈ ಹೊರತೆಗೆದ. ಹನ್ನೆರಡು ವರ್ಷ ಯಾರೂ ಕಾಣದಿದ್ದ ಆ ನಡುಕವನ್ನು ಈಗ ಇಡೀ ಆಸ್ಥಾನ ಕಂಡಿತು. ಎಳೆಗಳೆರಡೂ ಬೆರಳ ಸಂದಿಯಿಂದ ಜಾರಿ ಕೆಳಗೆ ಬಿದ್ದವು. ಸಿಂಗೋಜ ಅರಸನ ಕಡೆ ತಿರುಗಿದ.

“ಈ ಕೈಯಲ್ಲಿ ಆಗದು, ಪ್ರಭು. ನನ್ನ ಮುದ್ರೆಯ ಒಡವೆಗಳನ್ನು ಹನ್ನೆರಡು ವರ್ಷದಿಂದ ನಾನು ಮಾಡಿಲ್ಲ. ಮಾದೂರಿನಲ್ಲಿ ಒಬ್ಬ ಹೆಂಗಸಿದ್ದಾಳೆ, ಎಡಚಿ. ಅವಳನ್ನು ಕರೆಸಿ. ಅವಳಿಗೆ ಕೇಡಾಗದೆಂದು ಮಾತು ಕೊಡಿ.”

ಕೀರ್ತಿದೇವನ ಹುಬ್ಬು ಗಂಟಿಕ್ಕಿತು. “ಮಾತು ಕೊಟ್ಟೆವು. ಆದರೆ ಹೇಳು, ನಿನ್ನ ಕೈ ಮುಟ್ಟದ ಒಡವೆಗೆ ನಿನ್ನ ಹಂಸ ಹೇಗೆ ಸಲ್ಲುತ್ತದೆ?”

“ಒಂದು ಗುಲಗಂಜಿಯಷ್ಟೂ ಚಿನ್ನ ಕೆಡಿಸಿಲ್ಲ, ಅಷ್ಟರ ಮಟ್ಟಿಗೆ ಸಲ್ಲುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಹಂಸ ಚಿನ್ನದ ಮಾತನ್ನಷ್ಟೇ ಹೇಳುವುದಿಲ್ಲ, ಪ್ರಭು, ಕೈಯ ಮಾತನ್ನೂ ಹೇಳುತ್ತದೆ. ಅದರ ಬಾಯಲ್ಲಿ ನಾನು ಸುಳ್ಳಾಡಿಸಿದೆ.”

ರಾಣಿ ಹಾರವನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದಳು. “ಬೆಳಿಗ್ಗೆ ಎಷ್ಟು ಚೆಲುವಾಗಿತ್ತೋ ಈಗಲೂ ಅಷ್ಟೇ ಚೆಲುವಾಗಿದೆ,” ಎಂದಳು. “ಆದರೂ ಮತ್ತೆ ಧರಿಸಲು ಮನಸ್ಸಾಗುತ್ತಿಲ್ಲ.” ಆ ಮಾತು ಸಿಂಗೋಜನನ್ನು ಚುಚ್ಚಿದಷ್ಟು ಅರಸನ ಕೋಪವೂ ಚುಚ್ಚಲಿಲ್ಲ.

ಅರಸನ ಆಜ್ಞೆಯಂತೆ ಕೋಟೆಯ ಬಾಗಿಲುಗಳು ಮುಚ್ಚಿದವು. ರಾವುತರು ಹೊಳೆ ದಾಟಿದರು. ಆಸ್ಥಾನದಲ್ಲಿ ಒಬ್ಬರೂ ಕದಲಲಿಲ್ಲ. ಹೊತ್ತು ನೆತ್ತಿಗೇರಿ ಇಳಿಯತೊಡಗಿದಾಗ ನಡುವಯಸ್ಸಿನ ಹೆಂಗಸೊಬ್ಬಳು ಮಸಿ ಹತ್ತಿದ ಸೀರೆಯಲ್ಲೇ ಒಳಗೆ ಬಂದಳು. ಅರಸನಿಗೆ ಕೈಮುಗಿದು ಸಿಂಗೋಜನ ಕಡೆ ನೋಡಿದಳು.

“ಹೇಳಿಬಿಟ್ಟಿರಾ, ಓಜಯ್ಯ?”

“ಹೇಳಿದೆ, ತಾಯಿ. ಹುರಿ ಹೊಸೆ.”

ದೇಕಬ್ಬೆ ನೆಲದಲ್ಲಿ ಕುಳಿತು, ಎಳೆಗಳನ್ನು ಹಲಗೆಯ ಮೇಲಿಟ್ಟು, ಎಡ ಅಂಗೈಯಿಂದ ಉಜ್ಜುತ್ತ ಹೋದಳು. ಪರೀಕ್ಷಕ ಬಗ್ಗಿ ಅದನ್ನು ಹಾರದ ಪಕ್ಕಕ್ಕೆ ಹಿಡಿದ. ಒಂದೇ ತಿರುವು, ಒಂದೇ ನಯ. ಆಮೇಲೆ ನಕಲಿ ಪದಕವನ್ನು ಅವಳ ಮುಂದಿಟ್ಟರು. ಅವಳು ನೋಡಿದ ಕೂಡಲೇ ಮುಖ ಸಿಂಡರಿಸಿದಳು. “ಥೂ! ಯಾವ ಗಂಡಸಿನ ಅವಸರದ ಕೆಲಸವೋ ಇದು!”

ಭಂಡಾರದ ಬೀಗದ ಕೈ ಇದ್ದುದು ಒಬ್ಬನ ಬಳಿ ಮಾತ್ರ. ಬಾಚಯ್ಯನ ಮನೆ ಶೋಧಿಸಿದಾಗ ಅಕ್ಕಿಯ ವಾಡೆಯಲ್ಲಿ ನಿಜವಾದ ಪದಕವೂ ಅದರ ಹಂಸದಿಂದ ತೆಗೆದ ಮೇಣದ ಅಚ್ಚೂ ಸಿಕ್ಕಿದವು. ಮದುವೆ ಮುರಿದರೆ ಗಡಿಯ ಕೋಟೆ ತನಗೆಂದು, ಈ ಸಂಧಿ ಬೇಡವಾದ ನೆರೆರಾಜ್ಯದ ಹಗೆಯವರೊಡನೆ ಒಪ್ಪಂದ ಮಾಡಿಕೊಂಡ ಓಲೆಯೂ ಸಿಕ್ಕಿತು. ಪದಕವನ್ನು ಕರಗಿಸಿದ್ದರೆ ಅವನು ಬಚಾವಾಗುತ್ತಿದ್ದನೋ ಏನೋ. ಕರಗಿಸಲು ಮನಸ್ಸು ಬರಲಿಲ್ಲವೆಂದು ಸಂಕೋಲೆ ತೊಡಿಸುವಾಗ ಒಪ್ಪಿಕೊಂಡ.

ಗೋವಿಂದರಸ ತಾಂಬೂಲ ಸ್ವೀಕರಿಸಿದ. ಅರಸನ ಮುಖ ಮೆತ್ತಗಾಯಿತು. “ಸಿಂಗೋಜ, ನೀನು ರಾಜ್ಯ ಉಳಿಸಿದೆ. ಶಿಕ್ಷೆಯನ್ನು ಮನ್ನಿಸಿದ್ದೇವೆ.”

“ಬೇಡ, ಪ್ರಭು,” ಎಂದ ಸಿಂಗೋಜ. “ಬಾಗಿಲ ಶಾಸನವನ್ನು ದೂತರು ಓದಿಕೊಂಡೇ ಒಳಗೆ ಬಂದಿದ್ದಾರೆ. ಕಲ್ಲಿನ ಮೇಲೆ ಬರೆದದ್ದನ್ನು ನನಗಾಗಿ ಅಳಿಸಿದರೆ ನಾಳೆ ಓಲೆಯ ಮೇಲೆ ಬರೆದ ಸಂಧಿಯನ್ನು ಇವರು ಹೇಗೆ ನಂಬಬೇಕು?”

ಅರಸ ಮುಖ ತಿರುಗಿಸಿ, ಸಮ್ಮತಿಯೆಂದು ತಲೆಯಾಡಿಸಿದ. ತಳವಾರ ಮುಂದೆ ಬಂದ. ಸಿಂಗೋಜ ಕೈಯನ್ನು ಹಲಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ನಡುಗುತ್ತಿದ್ದ ಆ ಕೈಯನ್ನು ಅಲುಗದಂತೆ ಒತ್ತಿ ಹಿಡಿದವಳು ದೇಕಬ್ಬೆ. ಕತ್ತಿ ಬಿದ್ದಾಗಲೂ ಅವಳು ಬಿಡಲಿಲ್ಲ, ಅಳಲೂ ಇಲ್ಲ.

ವೈದ್ಯರು ಗಾಯ ಕಟ್ಟುತ್ತಿದ್ದಂತೆ ಹಿರಿಯಗಡದ ಕರಣಿಕ ಉಡುಗೊರೆಯ ಓಲೆ ಬರೆಯತೊಡಗಿದ. ಪದಕ ಒಂದು, ಹರಳು ಒಂಬತ್ತು ಎಂದು ಬರೆದು ಬರೆಯುವ ಕಂಟವನ್ನು ಎತ್ತಿ ಹಿಡಿದ.

“ಮಾಡಿದವರು?”

ದೇಕಬ್ಬೆ ನೆಲ ನೋಡುತ್ತ ನಿಂತಿದ್ದಳು. ಸಿಂಗೋಜ ಕಂಬಕ್ಕೆ ಒರಗಿದ್ದವನು ನೋವನ್ನು ನುಂಗಿ ನೆಟ್ಟಗಾದ.

“ಬರೆಯಿರಿ,” ಎಂದ, ಸಭೆಗೆಲ್ಲ ಕೇಳುವಂತೆ. “ಮಾದೂರ ದೇಕಬ್ಬೆ.”

ಆಗ ಅವಳು ಅತ್ತಳು.