ಕಡಲಿನ ಮೇಲೆ ಬೆಳೆದ ಕಪ್ಪು

"ಮುಟ್ಟಬ್ಯಾಡ್ರಿ!"

ಮಾಂತೇಶನ ಕೈ ಅರ್ಧಕ್ಕೇ ನಿಂತಿತು. ಹರಾಜಿಗೆ ಹಳೆಯ ಚಿತ್ರಗಳನ್ನು ಒಯ್ಯಲು ಗಂಗಾವತಿಯಿಂದ ಕುಕನೂರಿನ ಆ ವಾಡೆಗೆ ಬಂದಿದ್ದ. ಬೆಟ್ಟಗಳ ಚಿತ್ರ ಇಳಿಸುವಾಗ ಸುಮ್ಮನಿದ್ದ ಮನೆಯ ಸೊಸೆ ರಂಜಿತಾ, ಕಡಲಿನ ಚಿತ್ರಕ್ಕೆ ಮಾತ್ರ ಅಡ್ಡ ನಿಂತಿದ್ದಳು.

"ಯಾಕ್ರೀ, ಹಡಗ ಮುಳಗತೈತೇನು?"

ಅವಳು ನಗಲಿಲ್ಲ.

ಆ ಮನೆಯಲ್ಲಿ ಕಡಲೆಂದರೆ ಗಂಗಮ್ಮ ದೇವಿ. ಚಿತ್ರದ ಕೆಳಗೆ ದಿನವೂ ಎಣ್ಣೆ ದೀಪ. ವರ್ಷ ಕಳೆದಂತೆ ಚಿತ್ರದ ಆಕಾಶ ಕಪ್ಪಾಗುತ್ತ ಬಂದಿತ್ತು... ಬಿರುಗಾಳಿ ಹಡಗಿನತ್ತ ಬರುತ್ತಿದೆಯೆಂದು ಮನೆಯವರು ನಂಬಿದ್ದರು. ಕಪ್ಪು ಹಡಗಿನ ಹಾಯಿಯವರೆಗೆ ಹಬ್ಬಿದ ವರ್ಷವೇ ರಂಜಿತಾಳ ಗಂಡ ಪ್ರವೀಣಕುಮಾರ ಜೀಪಿನ ಸಮೇತ ಕಾರಟಗಿಯ ಕಾಲುವೆಗೆ ಉರುಳಿ ತೀರಿಕೊಂಡಿದ್ದ.

"ನೀ ಕಾಲಿಟ್ಟ ಮ್ಯಾಲೇ ಮೋಡ ಜೋರಾತು," ಎಂದಿದ್ದರು ಅತ್ತೆ ಕನಕಮ್ಮ. ಒಮ್ಮೆ ಮಾತ್ರ. ಅಷ್ಟೇ ಸಾಕಾಗಿತ್ತು.

ಫೋಟೊ ತೆಗೆಯಲು, ಅಳತೆ ಹಿಡಿಯಲು ಮಾಂತೇಶ ಮತ್ತೆ ಮತ್ತೆ ಬಂದ. ಅವನ ಬೈಕಿನ ಸದ್ದಿಗೆ ತನ್ನ ಎದೆ ಹಗುರಾಗುವುದು ಕಂಡು ರಂಜಿತಾ ನಡುಗಿದಳು. ಒಂದು ಸಂಜೆ ಅವನು ಕೇಳಿಯೇಬಿಟ್ಟ.

"ನನ್ನ ಮದಿವಿ ಆಗ್ತೀರೇನ್ರಿ?"

'ಇವನನ್ನೂ ಕಳೆದುಕೊಳ್ಳಲೇ?'

"ಇಲ್ಲ!" ಎಂದವಳು ಬಾಗಿಲು ಹಾಕಿಕೊಂಡಳು.

'ಓದಿದಾಕಿ... ನಾ ಹಳೇ ಸಾಮಾನಿನ ವ್ಯಾಪಾರಿ,' ಎಂದುಕೊಂಡು ಅವನು ಹೊರಟುಹೋದ.

"ಈ ಪೀಡಾ ಮನಿ ಬಿಟ್ಟು ಹೋಗ್ಲಿ," ಎಂದು ಕೊನೆಗೆ ಕನಕಮ್ಮನೇ ಕಡಲಿನ ಚಿತ್ರವನ್ನೂ ಹರಾಜಿಗೆ ಒಪ್ಪಿದರು. ಮಾಂತೇಶ ಬಂದ. ರಂಜಿತಾಳ ಮುಖ ನೋಡದೆ, ಒದ್ದೆ ಹತ್ತಿಯಿಂದ ಚಿತ್ರದ ಮೂಲೆಯನ್ನು ಮೆಲ್ಲಗೆ ಒರೆಸಿದ. ಹತ್ತಿ ಕಪ್ಪಾಯಿತು.

"ಇದು ಮೋಡ ಅಲ್ರಿ. ದೀಪದ ಮಸಿ."

ಅವಳು ಹತ್ತಿರ ಬಂದು ಬಗ್ಗಿ ನೋಡಿದಳು. 'ಹಾಗಾದರೆ... ನನ್ನಿಂದಲ್ಲವೇ?'

ಅವನು ಇನ್ನೂ ಒರೆಸಿದ. ಮಸಿಯ ಕೆಳಗೆ ಮತ್ತೊಂದು ಕಪ್ಪು ಇತ್ತು. ಅದು ಅಳಿಯಲಿಲ್ಲ.

"ಇದು?"

ಮಾಂತೇಶ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇದು ಚಿತ್ರಾ ಬರದಾವ್ರದು. ಬಿರುಗಾಳಿ ಮೊದಲಿಂದನೂ ಐತ್ರಿ."

ಬಾಗಿಲಲ್ಲಿ ನಿಂತಿದ್ದ ಕನಕಮ್ಮ ಗೋಡೆ ಹಿಡಿದುಕೊಂಡರು.

"ಅಂದ್ರ ನೀ ಬರೂಕಿಂತ ಮೊದ್ಲ ಇತ್ತಲ್ಲವಾ, ನಮ್ಮವ್ವಾ..." ಎಂದರು ಸೊಸೆಗೆ. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಇಬ್ಬರೇ ಉಳಿದರು.

"ಅವತ್ತ ಇಲ್ಲ ಅಂದದ್ದು... ನಿಮಗ ಏನರ ಆದೀತು ಅಂತ್ರಿ."

ಮಾಂತೇಶ ಮೊದಲ ಬಾರಿ ತಲೆಯೆತ್ತಿದ. "ಈಗ ಅಂಜಿಕಿ ಹೋತೇನ್ರಿ?"

"ಇಲ್ಲ."

"ನನಗೂ ಐತಿ."

ಹೊರಗೆ ಚಿತ್ರ ಒಯ್ಯಲು ಬಂದ ಟೆಂಪೋ ಹಾರ್ನ್ ಹೊಡೆಯಿತು. ಅವಳು ಅವನ ತೋಳು ಹಿಡಿದಳು.

"ಸಾವಕಾಶ ಹೋಗ್ರಿ. ಊರ ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ."

"ಯಾರಿಗೆ ಮಾಡ್ಲಿ?"

"ನಿಮ್ಮ ದಾರಿ ನೋಡಾಕಿಗೆ."