ಮೊದಲ ಚಮಚ

ಹೊಸ ಅಡುಗೆಯ ಮೊದಲ ಚಮಚ ತರಕಾರಿ ಹೆಚ್ಚುವವಳದು. ಆ ಹೋಟೆಲಿನ ಅಡುಗೆಮನೆಯಲ್ಲಿ ಶೆಫ್ ತಾನಾಗಿಯೇ ಮಾಡಿಕೊಂಡಿದ್ದ ಕಟ್ಟಳೆ ಅದು. ಒಲೆಯಿಂದ ಇಳಿಸಿದ್ದನ್ನು ಊದಿ ಆರಿಸಿ, ಹೇಗಿದೆ ಅಂತ ಕೇಳುವನು. ಅವಳು ತಲೆ ಬಗ್ಗಿಸಿಕೊಂಡೇ ತಿಂದು, ಚೆನ್ನಾಗಿದೆ ಅನ್ನುವಳು. ಅವಳ ಬಾಯಿಂದ ಉದುರುತ್ತಿದ್ದ ಮುತ್ತು ಅದೊಂದೇ. ಅದಕ್ಕೇ ಎಲ್ಲರೂ ಅವಳನ್ನು ಮೌನಿ ಅಂತ ಕರೆಯುತ್ತಿದ್ದರು.

ಇವತ್ತು ಆ ಚಮಚ ಅವಳನ್ನು ದಾಟಿ ಹೋಯಿತು.

ಹಾಲು ಬೆಣ್ಣೆ ಸೋಕದ ಹೊಸ ವೀಗನ್ ಸ್ಟಾರ್ಟರ್ ಅದು. ಓವನ್‌ನಲ್ಲಿ ಬೇಯಿಸಿದ ಬೀಟ್‌ರೂಟ್, ಕ್ಯಾರೆಟ್, ಗೆಣಸನ್ನು ತೆಳ್ಳಗೆ ಕೊಯ್ದು, ಗೋಡಂಬಿ ಕ್ರೀಮಿನ ಮೇಲೆ ಹೂವಿನ ಎಸಳಿನಂತೆ ಜೋಡಿಸಬೇಕು. ಸಂಜೆ ಓನರಮ್ಮ ತಿಂದು ಒಪ್ಪಿದರೆ ಮೆನುವಿಗೆ ಸೇರುತ್ತದೆ. ಶೆಫ್ ಕ್ರೀಮ್ ಅರೆದು, ಒಂದು ಚಮಚ ತೆಗೆದುಕೊಂಡು, ಮೌನಿಯ ಮುಂದೆಯೇ ಹಾದು ಹೋಗಿ ಕೇಕ್ ಮಾಡುವವಳಿಗೆ ಕೊಟ್ಟ.

ಕೇಕ್‌ನವಳು ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಅವನಿಗೆ ಏಕವಚನ. ಚಮಚ ನೆಕ್ಕಿ ಕಣ್ಣು ಕಿರಿದು ಮಾಡಿ, "ಸಪ್ಪೆ. ನಿನ್ನ ಮುಖದ ಹಾಗೇ," ಅಂದಳು. ಅವನು ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತದೆ. ಅದು ತನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದಳು ಮೌನಿ.

ಓವನ್ ಕಾಯುವ ಮೊದಲೇ ಅವಳ ಹೊಟ್ಟೆ ಉರಿಯತೊಡಗಿತು.

ಬೀಟ್‌ರೂಟನ್ನು ಸಿಪ್ಪೆ ಸಮೇತ ಫಾಯಿಲ್‌ನಲ್ಲಿ ಸುತ್ತಿ ಬೇರೆ ಟ್ರೇಯಲ್ಲಿ ಇಡಬೇಕು, ಇಲ್ಲದಿದ್ದರೆ ಬಣ್ಣ ಬಿಟ್ಟು ಪಕ್ಕದ್ದನ್ನೆಲ್ಲ ಕೆಡಿಸುತ್ತದೆ. ಅವಳಿಗೆ ನಿದ್ದೆಗಣ್ಣಲ್ಲೂ ಬರುವ ಕೆಲಸ. ಆದರೆ ಕಣ್ಣು ಕೇಕಿನ ಮೇಜಿನ ಕಡೆಗಿತ್ತು. ಕೈ ತನ್ನ ಪಾಡಿಗೆ ಸಿಪ್ಪೆ ಹೆರೆದು, ಹೋಳು ಮಾಡಿ, ಕ್ಯಾರೆಟ್ಟು ಗೆಣಸಿನ ಜೊತೆಗೇ ಸುರಿದು ಓವನ್ನಿಗೆ ತಳ್ಳಿಬಿಟ್ಟಿತು.

ಶೆಫ್ ಓವನ್ ತೆರೆದಾಗ ಟ್ರೇ ತುಂಬ ಒಂದೇ ಕೆಂಪು. ಯಾವುದು ಕ್ಯಾರೆಟ್, ಯಾವುದು ಗೆಣಸು ಅಂತ ಗುರುತೇ ಸಿಗದು. ಕೇಕ್‌ನವಳು ಇಣುಕಿ ನೋಡಿ, ಮೌನಿಯ ಮುಖವನ್ನೂ ನೋಡಿ, ಸಕ್ಕರೆ ತರುವ ನೆಪ ಹೇಳಿ ಆಚೆ ಹೋದಳು.

ಬೈಗುಳಕ್ಕೆ ಕಾದು ನಿಂತವಳು ತಾನೇ ಬಾಯಿ ಬಿಟ್ಟಳು. "ಆ ಕೇಕ್‌ನವರಿಗೇ ತಿನ್ನಿಸಿ. ಚೆನ್ನಾಗಿದೆ ಅಂತಾರೆ."

"ಅವಳು ಅನ್ನಲ್ಲ. ಅದಕ್ಕೇ ಅವಳಿಗೆ ಕೊಟ್ಟಿದ್ದು," ಅಂದ ಅವನು. "ಹೋದ ವಾರ ನಿನಗೆ ಸೂಪ್ ಕೊಟ್ಟೆನಲ್ಲ, ಅದಕ್ಕೆ ಒಂದು ಹರಳು ಉಪ್ಪೂ ಹಾಕಿರಲಿಲ್ಲ. ಬೇಕಂತಲೇ. ನೀನು ಏನಂದೆ?"

ಚೆನ್ನಾಗಿದೆ ಅಂದಿದ್ದಳು. ನಿಜವಾಗಲೂ ಚೆನ್ನಾಗಿತ್ತು, ಅವನು ಊದಿ ಕೊಟ್ಟದ್ದು. ಅವಳ ಕಿವಿ ಬೀಟ್‌ರೂಟಿಗಿಂತ ಕೆಂಪಾಯಿತು.

"ಅವತ್ತೇ ನನಗೆ ಅನುಮಾನ ಬಂತು, ಇವಳು ರುಚಿ ನೋಡ್ತಿರೋದು ಸೂಪನ್ನಲ್ಲ ಅಂತ," ಅಂದ ಅವನು. ಧ್ವನಿ ಸಣ್ಣದಾಗಿತ್ತು. "ಕೇಳೋಕೆ ಧೈರ್ಯ ಸಾಲಲಿಲ್ಲ. ನೀನು ನನಗೆ ಯಾವುದಕ್ಕೂ ಚೆನ್ನಾಗಿಲ್ಲ ಅಂದವಳೇ ಅಲ್ಲ. ನೀನು ಹೂಂ ಅಂದರೂ ಅದನ್ನ ಹೇಗೆ ನಂಬಲಿ?"

ಅವಳು ಕೆಟ್ಟ ಟ್ರೇಯನ್ನು ಪಕ್ಕಕ್ಕೆ ಸರಿಸಿದಳು. ಬುಟ್ಟಿಯಿಂದ ಹೊಸ ಗೆಡ್ಡೆಗಳನ್ನು ತೆಗೆದಳು. ಈ ಸಲ ಬೀಟ್‌ರೂಟ್ ಫಾಯಿಲ್ ಹೊದ್ದು ಬೇರೆ ಟ್ರೇಯಲ್ಲಿ ಕುಳಿತಿತು. ಓನರಮ್ಮ ಬರುವಷ್ಟರಲ್ಲಿ ಬಿಳಿ ಕ್ರೀಮಿನ ಮೇಲೆ ಕೆಂಪು, ಕೇಸರಿ, ಹಳದಿ ಎಸಳುಗಳು ಬಿಡಿಸಿಟ್ಟಂತೆ ಅರಳಿದ್ದವು. ಅವನು ಅಂಚಿನಿಂದ ಒಂದು ಚಮಚ ತೆಗೆದು ಅವಳ ಮುಂದೆ ಹಿಡಿದ.

ಅವಳು ನಿಧಾನವಾಗಿ ತಿಂದಳು. ಮೊದಲ ಸಲ ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ಉಪ್ಪು ಕಮ್ಮಿ."

ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. "ಮತ್ತೆ ನಾನು?"

ಅವಳು ಉಪ್ಪಿನ ಡಬ್ಬಿಯನ್ನು ಅವನ ಕಡೆ ಸರಿಸಿದಳು. ಬೀಟ್‌ರೂಟ್ ಹತ್ತಿದ ಬೆರಳುಗಳನ್ನು ಡಬ್ಬಿಯ ಮೇಲಿಂದ ತೆಗೆಯಲಿಲ್ಲ.

"ನಿಮ್ಮಲ್ಲಿ ಏನೂ ಕಮ್ಮಿ ಇಲ್ಲ," ಅಂದಳು.