ಹೆಬ್ಬಾಗಿಲಿನ ತುಳಿಗಲ್ಲು

ಸೋಮಗಿರಿದುರ್ಗದ ವೈಭವವನ್ನು ವರ್ಣಿಸಹೊರಟರೆ ನನ್ನ ನಾಲಗೆಗೆ ಲಗಾಮು ನಿಲ್ಲುವುದಿಲ್ಲ. ಏಳು ಸುತ್ತಿನ ಕೋಟೆ (ನಾಲ್ಕೇ ಸುತ್ತು ಎನ್ನುವವರಿಗೆ ಎಣಿಸಲು ಬಾರದು), ಮುಗಿಲನ್ನು ತಿವಿಯುವ ಗೋಪುರಗಳು, ಮುಂಜಾವದ ನಗಾರಿ ಮೊಳಗಿದೊಡನೆ ಮೂಡಣ ಹೆಬ್ಬಾಗಿಲಿನಲ್ಲಿ ನುಗ್ಗಿ ಬರುವ ಮಲ್ಲಿಗೆಯ ಬುಟ್ಟಿಗಳು, ಉಪ್ಪು ಹೊತ್ತ ಎತ್ತುಗಳು, ಕೆನೆಯುವ ಅರಬ್ಬೀ ಕುದುರೆಗಳು! ಆದರೆ ಈ ಸಕಲ ಸಂಪತ್ತೂ ಒಂದು ಕಲ್ಲನ್ನು ತುಳಿದೇ ಒಳಗೆ ಬರಬೇಕಿತ್ತು. ರಾಜದ್ರೋಹಿಗಳೆಂದು ತೀರ್ಪಾದವರ ಹೆಸರನ್ನು ಹೊಸ್ತಿಲಿನ ಕರಿಯ ಚಪ್ಪಡಿಯ ಮೇಲೆ ಕೆತ್ತಿ, ಸಮಸ್ತ ಪ್ರಜೆಗಳ ಕಾಲಡಿಗೆ ಹಾಕುವುದು ಆ ರಾಜ್ಯದ ಸಂಪ್ರದಾಯ.

ಆ ಕಲ್ಲಿನ ಮೇಲೆ ಬದುಕಿರುವವನ ಹೆಸರು ಒಂದೇ ಒಂದು: ಬಾಚೆಯ ನಾಯಕ.

ಹಿಂದೊಮ್ಮೆ ಅವನು ಅದೇ ಬಾಗಿಲಿನ ಕಾವಲಿನ ಮುಖ್ಯಸ್ಥನಾಗಿದ್ದ. ಒಂದು ದಿನ ನಗಾರಿಗೆ ಮೊದಲೇ ಬಾಗಿಲು ತೆರೆಯಿತು. ಶತ್ರುವಿನ ಗೂಢಚಾರರು ನುಸುಳಿ ಬಂದು ಅಶ್ವಶಾಲೆಯ ಹುಲ್ಲಿನ ಬಣವೆಗಳಿಗೆ ಬೆಂಕಿಯಿಟ್ಟರು. ಬಾಗಿಲು ತೆಗೆಸಿದವನು ಯುವರಾಜ ಕೇತರಸ. ಹೊರಗಿನ ಬಯಲಿನಲ್ಲಿ ಕೋಳಿಯಂಕ ನೋಡುವ ಆಸೆ ಹುಡುಗನಿಗೆ! "ಅಪ್ಪಾಜಿಗೆ ಹೇಳಬೇಡ, ನಾಯಕ" ಎಂದು ಕೈ ಚಾಚಿದ್ದ; ಬಾಚೆಯನು ಆ ಕೈಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದ. ವಿಚಾರಣೆಯಲ್ಲಿ ಬಾಚೆಯನು ತುಟಿ ಬಿಚ್ಚಲಿಲ್ಲ, ಯುವರಾಜನೂ ಬಿಚ್ಚಲಿಲ್ಲ. ಖಡ್ಗ ಹೋಯಿತು, ಹೆಸರು ನೆಲಕ್ಕೆ ಬಿತ್ತು.

ಈಗ ಕೇತರಸನೇ ಅರಸ. ಬಾಚೆಯನು ಆಸ್ಥಾನಕ್ಕೆ ಬಿನ್ನಹ ಮಾಡಿಕೊಂಡ: "ನನ್ನ ಹೆಸರನ್ನು ಅಳಿಸಬೇಕು." ಹಾಗೆ ಅಳಿಸುವುದಕ್ಕೂ ಒಂದು ಕಟ್ಟಳೆಯಿತ್ತು. ಅಪರಾಧ ನಡೆದದ್ದು ನಿಜವಾದುದರಿಂದ ಕಲ್ಲಿನ ಮೇಲೆ ಆ ಜಾಗ ಬರಿದಾಗಿರುವಂತಿಲ್ಲ. ಒಂದು ಹೆಸರು ಹೋಗಬೇಕಾದರೆ ನಿಜವಾದ ಅಪರಾಧಿಯ ಹೆಸರು ಅಲ್ಲಿಗೆ ಬರಬೇಕು.

ಸಭೆಯ ಹಿಂದಿನ ದಿನ ಪ್ರಧಾನಿ ತಿಪ್ಪಣಾಮಾತ್ಯನು ಅವನನ್ನು ತನ್ನ ಉದ್ಯಾನಕ್ಕೆ ಕರೆಸಿಕೊಂಡ.

"ಒಂದು ಹೆಸರು ಬೇಕು, ಅಷ್ಟೇ ತಾನೆ? ನನ್ನ ಮಾತಿಗೆಲ್ಲ ಎದುರಾಡುವ ಆ ದಳವಾಯಿ ಸಿಂಗಿದೇವನ ಹೆಸರು ಹೇಳಪ್ಪ. ನಾಳೆಯೇ ನಿನ್ನ ಖಡ್ಗ, ಕುದುರೆ, ಮರ್ಯಾದೆ ಎಲ್ಲವೂ ಹಿಂದಕ್ಕೆ."

"ದಳವಾಯಿಗಳು ಅಂದು ಗಡಿಯಲ್ಲಿದ್ದರು, ಸ್ವಾಮಿ."

"ಕಲ್ಲೇನು ಸಾಕ್ಷಿ ಕೇಳುತ್ತದೆಯೆ?"

"ನನ್ನ ಹೆಸರನ್ನೂ ಹೀಗೆಯೇ ಕೆತ್ತಿಸಿದಿರೇನು?"

ಪ್ರಧಾನಿಯ ನಗು ಮುಖದಲ್ಲೇ ಹೆಪ್ಪುಗಟ್ಟಿತು. "ಬಿನ್ನಹ ಮಾಡಿ ಹೆಸರು ಹೇಳದವನ ಬಲಗೈ ಉಳಿಯುವುದಿಲ್ಲ. ಊಟ ಮಾಡುವಾಗ ಸ್ವಲ್ಪ ಯೋಚಿಸು."

ಮರುದಿನ ಸಭೆ ಕಿಕ್ಕಿರಿದಿತ್ತು. ಬಂದವರಲ್ಲಿ ಅರ್ಧದಷ್ಟು ಜನ ನ್ಯಾಯ ನೋಡಲು, ಇನ್ನರ್ಧ ಕೈ ಕತ್ತರಿಸುವುದನ್ನು ನೋಡಲು.

"ಹೆಸರು ಹೇಳು" ಎಂದ ತಿಪ್ಪಣಾಮಾತ್ಯ.

"ನಿನ್ನೆ ತಾವೇ ಒಂದು ಹೇಳಿಕೊಟ್ಟಿದ್ದಿರಿ, ದಳವಾಯಿಗಳದು. ದಾರಿಯಲ್ಲಿ ಉಗಿದು ಬಂದೆ."

ಸಭೆ ಭೋರ್ಗರೆಯಿತು. ದಳವಾಯಿ ಸಿಂಗಿದೇವನ ಕೈ ಖಡ್ಗದ ಹಿಡಿಗೆ ಹೋಯಿತು. ಪ್ರಧಾನಿ ಕಿರುಚಿದ: "ಸುಳ್ಳು! ಹಾಗಾದರೆ ನಿಜವಾದ ಹೆಸರೇನು?"

"ಗೊತ್ತು. ಹೇಳುವುದಿಲ್ಲ. ಭಾಷೆ ಕೊಟ್ಟಿದ್ದೇನೆ."

"ಕತ್ತರಿಸಿ ಇವನ ಕೈಯನ್ನು!"

ಭಟರು ಬರುವ ಮೊದಲೇ ಬಾಚೆಯನು ಸಿಂಹಾಸನದ ಮೆಟ್ಟಿಲ ಮುಂದೆ ಮಂಡಿಯೂರಿ, ಬಲಗೈಯನ್ನು ಆ ಮೆಟ್ಟಿಲ ಮೇಲೆ ಚಾಚಿದ. "ಕತ್ತರಿಸಿ. ಈ ಕೈ ಹೋದರೆ ಇನ್ನೊಂದು ಕೈಯಿಂದ ಬಿನ್ನಹ ಮಾಡಿಕೊಳ್ಳುತ್ತೇನೆ. ಅದೂ ಹೋದರೆ ಬಾಯಿಯಿದೆ."

ಕೇತರಸನ ಮುಖ ಸುಣ್ಣದಂತಾಗಿತ್ತು. "ಸಾಕು, ನಾಯಕ. ನಿನ್ನನ್ನು ಕ್ಷಮಿಸಿದ್ದೇವೆ. ಮನೆಗೆ ಹೋಗು."

"ಕ್ಷಮೆ ತಪ್ಪು ಮಾಡಿದವರಿಗೆ, ಮಹಾಸ್ವಾಮಿ. ಅದನ್ನು ತೆಗೆದುಕೊಂಡು ನಾನೇನು ಮಾಡಲಿ?"

ಹಾಗೆಂದವನು ತಲೆಯೆತ್ತಿ ಅರಸನ ಕಣ್ಣನ್ನೇ ನೋಡಿದ. ಅರಸನನ್ನು ಹಾಗೆ ನೋಡುವುದೇ ಇನ್ನೊಂದು ಅಪರಾಧ. ಆದರೆ ಅದನ್ನು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ. ಚಾಮರ ಬೀಸುವವರ ಕೈ ನಿಂತಿತು. ಕೇತರಸನು ಮೆಲ್ಲನೆ ಎದ್ದು, ಕಿರೀಟವನ್ನು ತೆಗೆದು ಆಸನದ ಮೇಲಿಟ್ಟು, ಮೆಟ್ಟಿಲಿಳಿದು ಆ ಚಾಚಿದ ಕೈಯನ್ನು ಹಿಡಿದೆತ್ತಿದ.

"ಬಾಗಿಲು ತೆಗೆಸಿದವನು ನಾನು. ಕೋಳಿಯಂಕ ನೋಡುವುದಕ್ಕೆ."

"ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತೆ, ಸ್ವಾಮಿ?" ಎಂದ ಬಾಚೆಯ. ಕೃತಜ್ಞತೆಯ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಕಲ್ಲುಕುಟಿಗ ಚಿಕ್ಕೋಜನು ಚಾಣ ಹಿಡಿದು ಕೇಳಿದ: "ಒಡೆಯಾ, ತಮ್ಮ ಬಿರುದಾವಳಿಯೆಲ್ಲ ಆ ಜಾಗದಲ್ಲಿ ಹಿಡಿಸುವುದಿಲ್ಲವಲ್ಲ!"

"ಅಪರಾಧಿಗೆಂಥ ಬಿರುದು? ಹೆಸರಷ್ಟೇ ಕೆತ್ತು."

ತಿಪ್ಪಣಾಮಾತ್ಯನ ಪದವಿ ಅಂದೇ ಹೋಯಿತು. ಅವನು ಕಾಶಿಗೆ ಹೋದನೆಂದು ಕೆಲವರು, ಮಾವನ ಮನೆ ಸೇರಿದನೆಂದು ಕೆಲವರು ಹೇಳುತ್ತಾರೆ. ಎರಡೂ ಕಡೆ ಅವನನ್ನು ಕಂಡವರು ನನಗೆ ಸಿಕ್ಕಿದ್ದಾರೆ.

ಮರುದಿನ ಮುಂಜಾವ ನಗಾರಿ ಮೊಳಗಿತು, ಹೆಬ್ಬಾಗಿಲು ತೆರೆಯಿತು, ಯಾರೊಬ್ಬರೂ ಒಳಗೆ ಬರಲಿಲ್ಲ. ಅರಸನ ಹೆಸರಿನ ಮೇಲೆ ಕಾಲಿಡುವುದುಂಟೆ? ಹೂವಾಡಗಿತ್ತಿಯರು ಹಿಂದೆ ಸರಿದರು, ಎತ್ತುಗಳು ಒಂದರ ಮೇಲೊಂದು ಮುಗ್ಗರಿಸಿದವು, ಗದ್ದಲ ಅರಮನೆಗೂ ಕೇಳಿಸಿತು. ಕೇತರಸನು ಕಾಲ್ನಡಿಗೆಯಲ್ಲೇ ಬಂದು, ಮರಳಿ ಖಡ್ಗ ಕಟ್ಟಿ ಕಾವಲಿಗೆ ನಿಂತಿದ್ದ ಬಾಚೆಯನಿಗೆ ಹೇಳಿದ:

"ಮೊದಲು ನೀನು ತುಳಿ, ನಾಯಕ."

ಬಾಚೆಯನು ಹಿಂಜರಿಯಲಿಲ್ಲ, ಕಣ್ಣೀರು ಸುರಿಸಲಿಲ್ಲ, ತುದಿಗಾಲಿನಲ್ಲಿ ಮುಟ್ಟಿದಂತೆ ಮಾಡಿ ತಪ್ಪಿಸಿಕೊಳ್ಳಲೂ ಇಲ್ಲ. ಹೊಸದಾಗಿ ಕೆತ್ತಿದ ಅಕ್ಷರಗಳ ಮೇಲೆ ಇಡೀ ಪಾದವನ್ನೂರಿ, ಮೈಭಾರವೆಲ್ಲ ಹಾಕಿ, ಒಮ್ಮೆ ನಿಂತ. ಬಳಿಕ ತನ್ನ ಜಾಗಕ್ಕೆ ಮರಳಿ, ಹೊರಗೆ ಬೆಪ್ಪಾಗಿ ನಿಂತಿದ್ದ ಜನಕ್ಕೆ ಗದರಿದ:

"ಏನು ನೋಡುತ್ತೀರಿ? ಹೊತ್ತಾಯಿತು, ತುಳಿದು ಬನ್ನಿ!"